ಬೀಡಿ ತಡ್ಪೆಯ ಮೇಲಿನ ಇಂಗ್ಲಿಷ್

ಗುರುವಾಯನಕೆರೆ
ಸೋಮವಾರ, 15-9-2025
ಸಂಜೆ ನಾಲ್ಕೂವರೆ

ಪ್ರೀತಿಯ ಪುಳ್ಳಿ ತೃಪ್ತಿಗೆ,

ಅಲ್ಲ ಮಗಾ, ನಿನ್ನ ಮಾವ ಸಂದೇಶ ಅಲ್ಲ. ನಿನ್ನೆ ನೀನು ಹಾಸ್ಟೆಲಿನ ಫೋನಿನಲ್ಲಿ "ಅಜ್ಜ, ಆ ಕಾಗದಕ್ಕೆ ಸೈನ್ ಹಾಕಿದ್ದು ಯಾರು, ಮಾವನಾ?" ಎಂದು ಕೇಳಿದ್ದೆಯಲ್ಲ, ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಐದು ನಿಮಿಷ ಮುಗಿದು ಫೋನ್ ಕಟ್ಟಾಯಿತು. ಅದು ಗೊತ್ತಾಗದೆ ನಾನು ಇನ್ನೂ ಎರಡು ವಾಕ್ಯ ಸುಮ್ಮನೆ ಮೊಬೈಲಿಗೆ ಹೇಳಿದೆ. ನಿನ್ನ ಮಾಮಿ ಅಡುಗೆಮನೆಯಿಂದ ಇಣುಕಿ ನೋಡಿ ನಕ್ಕಳು. ನಿನ್ನ ಮುಂದಿನ ಫೋನು ಬರುವ ಭಾನುವಾರ. ಅಷ್ಟು ದಿನ ನೀನು ಆ ಪಾಪದ ಮಾವನನ್ನು ಮನಸ್ಸಿನಲ್ಲೇ ಬೈಯುತ್ತಾ ಕೂರುವುದು ಸರಿಯಲ್ಲ, ಅದಕ್ಕೇ ಈ ಕಾಗದ. ಯಾರು ಹಾಕಿದ್ದೆಂದು ಹೇಳುತ್ತೇನೆ. ಸ್ವಲ್ಪ ತಡೆ.

ಮೊದಲು ನಿನ್ನ ಶೀತ ಹೇಗುಂಟು? ಮೂಗು ಕಟ್ಟಿದ ಸ್ವರ ನಿನ್ನೆಯೂ ಕೇಳುತ್ತಿತ್ತು. ತಲೆಗೆ ಸ್ನಾನ ಮಾಡಿ ಒದ್ದೆ ಕೂದಲನ್ನು ಹಾಗೆಯೇ ಗಂಟು ಹಾಕಿಕೊಂಡು ಓದಲಿಕ್ಕೆ ಓಡುತ್ತೀ ಎಂದು ನನಗೆ ಇಲ್ಲಿಂದಲೇ ಕಾಣುತ್ತದೆ. ಹಾಸ್ಟೆಲಿನ ಬೆಳ್ತಿಗೆಯ ಬಿಳಿ ಅನ್ನ ಹೊಟ್ಟೆಗೆ ಹಿಡಿಯಿತೋ, ಇಲ್ಲ ಇನ್ನೂ ನಮ್ಮ ಕುಚ್ಚಲಕ್ಕಿ ಗಂಜಿಯ ಆಸೆಯೋ? ನನ್ನ ಮಟ್ಟಿಗೆ, ಮಂಡಿನೋವು ಮೊದಲಿನ ಹಾಗೆಯೇ, ಸಕ್ಕರೆ ಹತೋಟಿಯಲ್ಲಿ ಉಂಟು. ಪೊರೆ ತೆಗೆಸಿದ ಮೇಲೆ ಎಡಗಣ್ಣು ಎಷ್ಟು ಸ್ಪಷ್ಟವೆಂದರೆ ಎದುರುಮನೆಯ ಕ್ಯಾಲೆಂಡರಿನ ತಾರೀಕು ಇಲ್ಲಿಂದ ಓದುತ್ತೇನೆ. ಮಸ್ಕತ್ತಿನಿಂದ ನಿನ್ನ ಅಪ್ಪ ಅಮ್ಮ ಶುಕ್ರವಾರ ಮಾತಾಡಿದರು. ನಿನ್ನ ಇಂಗ್ಲಿಷ್ ಮಾರ್ಕಿನ ವಿಷಯ ನಾನು ಅವರಿಗೆ ಹೇಳಲಿಲ್ಲ, ನೀನೂ ಹೇಳಬೇಡ. ಅಷ್ಟು ದೂರದಲ್ಲಿ ಕೂತು ತಲೆಬಿಸಿ ಮಾಡಿಕೊಳ್ಳುವುದಲ್ಲದೆ ಅವರು ಬೇರೆ ಏನು ಮಾಡಿಯಾರು?

ಬೆಳಿಗ್ಗೆಯಿಂದ ಕರೆಂಟಿಲ್ಲ. ಜಗಲಿಯಲ್ಲಿ ಕೂತು ಬರೆಯುತ್ತಾ ಇದ್ದೇನೆ. ತೊಡೆಯ ಮೇಲೆ ನಿನ್ನ ಅಜ್ಜಿಯ ತಡ್ಪೆ. ಅವಳು ನಲವತ್ತು ವರ್ಷ ಬೀಡಿ ಕಟ್ಟಿದ ಮೊರ ಅದು, ಅಟ್ಟದಲ್ಲಿ ಇತ್ತು, ಕಳೆದ ತಿಂಗಳು ಇಳಿಸಿದೆ. ನೀಲಾವತಿ ಹೋಗಿ ಎರಡು ವರ್ಷವಾದರೂ ಅದರ ಸಂದಿಯಿಂದ ಹೊಗೆಸೊಪ್ಪಿನ ವಾಸನೆ ಹೋಗಿಲ್ಲ. ಒಂದು ರಟ್ಟು ಅಡ್ಡ ಇಟ್ಟರೆ ಯಾವ ಮೇಜೂ ಬೇಡ. ನಾನು ಹೋಮ್‌ವರ್ಕ್ ಮಾಡುವುದೂ ಇದರ ಮೇಲೆಯೇ. ಹೌದು ಮಾರಾಯ್ತಿ, ಹೋಮ್‌ವರ್ಕ್. ನಗುವುದಾದರೆ ಈಗಲೇ ನಕ್ಕು ಮುಗಿಸು. ನಾನು ಇಂಗ್ಲಿಷ್ ಕ್ಲಾಸಿಗೆ ಸೇರಿ ಒಂದು ತಿಂಗಳಾಯಿತು.

ಯಾಕೆ ಸೇರಿದೆ ಎಂದರೆ, ಸುಳ್ಳು ಯಾಕೆ ಹೇಳಲಿ, ನಿನ್ನ ಮೇಲಿನ ಸಿಟ್ಟಿನಿಂದ. ಆಗಸ್ಟಿನಲ್ಲಿ ಮೂಡುಬಿದಿರೆಯ ನಿಮ್ಮ ಕಾಲೇಜಿನ ಪೋಷಕರ ಸಭೆಗೆ ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೊಸ ಪಂಚೆ ಉಟ್ಟು ಮೊದಲ ಬಸ್ಸಿಗೇ ಬಂದೆ. ಅಲ್ಲಿ ಎಲ್ಲರೂ ಮೈಕಿನಲ್ಲಿ ತಮ್ಮ ಪರಿಚಯ ಹೇಳಬೇಕೆಂದರು. ಬಿಜಾಪುರದವರು, ದಾವಣಗೆರೆಯವರು, ಬೆಂಗಳೂರಿನವರು, ಎಲ್ಲರೂ ಟಸ್‌ಪುಸ್ ಎಂದು ಇಂಗ್ಲಿಷ್. ನಾನೂ ಬಿಡಲಿಲ್ಲ. "ಮೈಸೆಲ್ಫ್ ಶೀನಪ್ಪ, ಗ್ರ್ಯಾಂಡ್‌ಫಾದರ್, ಐ ಆಮ್ ಮಚ್ ಒಬ್ಲೈಜ್ಡ್" ಎಂದೆ. ಮುಂದಿನದು ನೆನಪಾಗಲಿಲ್ಲ, ಇನ್ನೊಮ್ಮೆ "ಮಚ್ ಒಬ್ಲೈಜ್ಡ್" ಎಂದೆ. ಜನ ನಕ್ಕರು, ಚಪ್ಪಾಳೆಯನ್ನೂ ತಟ್ಟಿದರು. ನನಗೆ ಚಪ್ಪಾಳೆ ಮಾತ್ರ ಕೇಳಿತ್ತು. ಹೊರಗೆ ಶೆಡ್ಡಿನ ಹತ್ತಿರ ನೀನು ಸಿಕ್ಕಿದಾಗ ನಿನ್ನ ಮುಖ ನೋಡಿದ ಮೇಲೆಯೇ ನಗುವೂ ಕೇಳಿದ್ದು. ನಾನು ತಂದ ನೀರುದೋಸೆಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ನೀನು "ಮುಂದಿನ ಮೀಟಿಂಗಿಗೆ ಮಾವ ಬರಲಿ ಅಜ್ಜ" ಎಂದೆ. ಮೆಲ್ಲಗೆ ಹೇಳಿದೆ, ನೋಯಿಸಬೇಕೆಂದು ಹೇಳಿದ್ದಲ್ಲ, ಗೊತ್ತುಂಟು. ಆದರೆ ವೇಣೂರು ದಾಟುವವರೆಗೆ ನಾನು ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದೆ. ಗುರುವಾಯನಕೆರೆಯಲ್ಲಿ ಇಳಿಯುವಾಗ ಒಂದು ನಿರ್ಧಾರ ಆಗಿತ್ತು. ಮುಂದಿನ ಸಭೆಗೂ ಶೀನಪ್ಪನೇ ಬರುವುದು, ಮಾವ ಅಲ್ಲ. ಮೈಕ್ ಕೂಡ ಹಿಡಿಯುವುದೇ.

ಮರುದಿನವೇ ಸರ್ಕಲಿನ ಬಟ್ಟೆ ಅಂಗಡಿಯ ಮಹಡಿಗೆ ಹೋದೆ. ಅಲ್ಲಿ ಶಶಿಪ್ರಭಾ ಟೀಚರ್ ವಿದೇಶಕ್ಕೆ ಹೋಗುವವರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆ. ನಿನ್ನ ಅಮ್ಮನಿಗೂ ಹೈಸ್ಕೂಲಿನಲ್ಲಿ ಕಲಿಸಿದವರೇ, ಈಗ ರಿಟೈರ್ಡು. "ನೀವು ಯಾವ ದೇಶಕ್ಕೆ ಶೀನಪ್ಪಣ್ಣ?" ಎಂದು ಕೇಳಿದರು. "ಮೂಡುಬಿದಿರೆಗೆ" ಎಂದೆ. ಸೇರಿಸಿಕೊಂಡರು. ಸೌದಿಗೆ ಹೊರಟ ಇಬ್ಬರು ಎಲೆಕ್ಟ್ರಿಷಿಯನ್, ಒಬ್ಬಳು ನರ್ಸು, ಬ್ಯೂಟಿ ಪಾರ್ಲರಿನ ಒಬ್ಬಳು ಹೆಂಗಸು, ನಾನು, ಮತ್ತೆ ನಿಝಾಮುದ್ದೀನ್. ನಿನಗೆ ಗೊತ್ತಲ್ಲ, ನಮ್ಮ ಮೂಡುಬಿದಿರೆ ಬಸ್ಸಿನ ಕಂಡಕ್ಟರ್, ನಿನಗೆ ಉಪ್ಪಿನಕಾಯಿ ಬಾಟ್ಲಿ ತಂದು ಗೇಟಿನಲ್ಲಿ ಕೊಟ್ಟವನು. ಅವನಿಗೆ ದುಬೈಯಲ್ಲಿ ಕೆಲಸ ಆಗುವುದರಲ್ಲಿ ಉಂಟು. ಮಧ್ಯಾಹ್ನ ಒಂದು ಟ್ರಿಪ್ಪು ಬಿಡುವಿದ್ದಾಗ ಟಿಕೆಟಿನ ಮೆಷಿನನ್ನು ಕುತ್ತಿಗೆಯಲ್ಲಿ ಹಾಗೆಯೇ ನೇತುಹಾಕಿಕೊಂಡು ಬಂದು ನನ್ನ ಪಕ್ಕ ಕೂರುತ್ತಾನೆ.

ಎರಡು ವಾರ ಪ್ಯಾಸಿವ್ ವಾಯ್ಸ್ ಆಯಿತು. ನಿನಗೆ ತಲೆಗೆ ಹೋಗದ್ದೂ ಅದೇ ಎಂದೆಯಲ್ಲ. ನನಗೂ ಹೋಗಲಿಲ್ಲ. ನಮ್ಮ ಮನೆಯಲ್ಲಿ ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ "ಗಂಜಿಯು ಅಜ್ಜನಿಂದ ಉಣ್ಣಲ್ಪಟ್ಟಿತು" ಎಂದು ಯಾರಾದರೂ ಹೇಳಿದ್ದುಂಟಾ? ಹೇಳಿದರೆ ಅಜ್ಜನಿಗೆ ಎಂಥದೋ ಆಗಿದೆಯೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಾರು. ಟೀಚರ್ ಬೋರ್ಡಿನಲ್ಲಿ "ದ ಬಸ್ ಈಸ್ ಡ್ರಿವನ್ ಬೈ ನಿಝಾಮುದ್ದೀನ್" ಎಂದು ಬರೆದರು. ನಿಝಾಮುದ್ದೀನ್ ಎದ್ದು ನಿಂತು, "ಟೀಚರೇ, ಇದು ತಪ್ಪು. ಬಸ್ ಬಿಡುವುದು ಕಮಲಾಕ್ಷಣ್ಣ. ನಾನು ಬಿಟ್ಟರೆ ಓನರ್ ಇಬ್ಬರನ್ನೂ ಮನೆಗೆ ಕಳಿಸ್ತಾರೆ" ಎಂದ. ಟೀಚರ್ ಅಳಿಸಿ ಕಮಲಾಕ್ಷ ಎಂದು ಬರೆದ ಮೇಲೆಯೇ ಅವನು ಕೂತದ್ದು. ಬಸ್ಸು ನಮ್ಮದು ಆದ ಮೇಲೆ ವಾಕ್ಯ ನನಗೂ ಅವನಿಗೂ ಒಟ್ಟಿಗೇ ಅರ್ಥವಾಯಿತು. ನೀನೂ ಹಾಗೆಯೇ ಮಾಡಿ ನೋಡು. ಪುಸ್ತಕದಲ್ಲಿರುವ ರಾಮ್, ಸೀತಾ, ಮ್ಯಾಂಗೋ ಎಲ್ಲ ಬಿಡು. ಹಾಸ್ಟೆಲಿನಲ್ಲಿ ನಿನ್ನ ಬಕೆಟ್ ಯಾರು ಕದ್ದದ್ದು, ನಿನ್ನ ಹಾಸಿಗೆ ಯಾರು ಒದ್ದೆ ಮಾಡಿದ್ದು, ಅದನ್ನೆಲ್ಲ ಬರೆ. ಸಿಟ್ಟಿದ್ದರೆ ಬೇಗ ಬರುತ್ತದೆ.

ಆಮೇಲೆ ಫ್ಯೂಚರ್ ಟೆನ್ಸ್. ಅದರಲ್ಲಿ ಟೀಚರಿಗೂ ನನಗೂ ಜಗಳವೇ ಆಯಿತು. ನಮ್ಮ ಕಾಲೇಜಿನಲ್ಲಿ ಕಪ್ಪು ಕೋಟಿನ ಲೆಕ್ಚರರು ಒಬ್ಬರು ಹೇಳಿಕೊಟ್ಟಿದ್ದರು, "ಐ ಶಲ್ ಕಮ್" ಎಂದರೆ ಬರುತ್ತೇನೆ, "ಐ ವಿಲ್ ಕಮ್" ಎಂದರೆ ಬಂದೇ ಬರುತ್ತೇನೆ, ಯಾರು ಅಡ್ಡ ನಿಂತರೂ. ಟೀಚರ್ ಹೇಳುತ್ತಾರೆ, "ಅದೆಲ್ಲ ಹಳತಾಯಿತು ಶೀನಪ್ಪಣ್ಣ, ಈಗ ಎಲ್ಲದಕ್ಕೂ ವಿಲ್ ಸಾಕು." ಸಾಕಂತೆ! ನಾನು ಆ ಕಾಲೇಜಿನಲ್ಲಿ ಕಲಿತು ಉಳಿದದ್ದೇ ಅದೊಂದು, ಅದನ್ನೂ ಬಿಟ್ಟುಕೊಡಬೇಕಾ? ಪರೀಕ್ಷೆಯಲ್ಲಿ ನೀನು ವಿಲ್ ಬರೆ, ನಿನ್ನ ಮಾರ್ಕು ಹೋಗುವುದು ಬೇಡ. ನಾನು ಮಾತ್ರ ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಕಾಲೇಜೆಂದಾಗ ಇದನ್ನೂ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡದ್ದರಿಂದ ನಾನು ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟೆನೆಂದು ನಿನ್ನ ಅಮ್ಮನಿಗೆ, ಸಂದೇಶನಿಗೆ, ನಿನಗೆ, ಎಲ್ಲರಿಗೂ ಹೇಳಿದ್ದೇನಲ್ಲ. ಅಪ್ಪ ತೀರಿಕೊಂಡದ್ದು ಅದಾಗಿ ಮೂರು ವರ್ಷದ ಮೇಲೆ. ನಾನು ಬಿಟ್ಟದ್ದು ಇಂಗ್ಲಿಷಿನಲ್ಲಿ ಫೇಲಾಗಿ. ಒಮ್ಮೆ ಅಲ್ಲ, ಎರಡು ಸಲ. ಮೂರನೆಯ ಸಲ ಪರೀಕ್ಷೆಗೆ ಕೂರಲೇ ಇಲ್ಲ, ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತು, ಹೋಗಿ ಕೂತೆ. ಈ ಮನೆಯಲ್ಲಿ ಅದು ಗೊತ್ತಿದ್ದದ್ದು ನಿನ್ನ ಅಜ್ಜಿಗೆ ಮಾತ್ರ. ಈಗ ನಿನಗೆ. ಎರಡು ಸಲ ಫೇಲಾದದ್ದಕ್ಕೆ ನನಗೆ ನಾಚಿಕೆ ಇಲ್ಲ ಮಗಾ, ಆ ಮೂರನೆಯ ಸಲ ಹೋಗದ್ದಕ್ಕೆ ಉಂಟು.

ಈಗ ಆ ಕಾಗದ. ದಸರಾ ರಜೆ ಮುಗಿದ ಕೂಡಲೇ ಬರುವ ಮಿಡ್‌ಟರ್ಮಿನಲ್ಲಿ ನೀನು ಇಂಗ್ಲಿಷಿನಲ್ಲಿ ಪಾಸಾಗದಿದ್ದರೆ ಪೋಷಕರೇ ಸ್ವಂತ ಇಚ್ಛೆಯಿಂದ ನಿನ್ನನ್ನು ಬಿಡಿಸಿಕೊಂಡು ಹೋಗುವರು, ಕಾಲೇಜಿಗೆ ಅದರಲ್ಲಿ ಯಾವ ಜವಾಬ್ದಾರಿಯೂ ಇಲ್ಲ ಎಂದು ಅದರಲ್ಲಿ ಬರೆದಿದೆ. "ಹೇಗೂ ಫೇಲಾಗ್ತೇನೆ, ಈಗಲೇ ಕರ್ಕೊಂಡು ಹೋಗಿ" ಎಂದು ನೀನು ನಿನ್ನೆ ಅತ್ತೆ. ಅದಕ್ಕೆ ಸಹಿ ಹಾಕಿದವನು ನಾನು.

ಸಭೆ ಮುಗಿದ ಮೇಲೆ ನಿಮ್ಮನ್ನೆಲ್ಲ ಓದಲಿಕ್ಕೆ ಕಳಿಸಿ ಪೋಷಕರನ್ನು ಒಬ್ಬೊಬ್ಬರನ್ನಾಗಿ ಮೇಜಿನ ಹತ್ತಿರ ಕರೆದರು. ನಿಮ್ಮ ಇಂಗ್ಲಿಷಿನ ಲೆಕ್ಚರರು ಪ್ರಾಯದ ಹುಡುಗ, ಮರ್ಯಾದೆಯಿಂದಲೇ ಮಾತಾಡಿದರು. "ಕನ್ನಡ ಮೀಡಿಯಂ, ಸೋ..." ಎಂದು ಏನೋ ಹೇಳಿ ಕಾಗದ ಮುಂದೆ ಸರಿಸಿ "ಸೈನ್ ಹಿಯರ್ ಅಂಕಲ್" ಎಂದರು. ನನ್ನ ಹಿಂದೆ ಇಪ್ಪತ್ತು ಜನ ಸಾಲು ನಿಂತಿದ್ದರು. ಕನ್ನಡಕ ಕಿಸೆಯಲ್ಲಿತ್ತು. ಅದನ್ನು ತೆಗೆದು ಮೂಗಿಗೇರಿಸಿ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರೆ ಇವನಿಗೆ ಬರುವುದಿಲ್ಲವೆಂದು ಗೊತ್ತಾಗುತ್ತದಲ್ಲ! "ಇದರಲ್ಲಿ ಎಂಥ ಉಂಟು, ಕನ್ನಡದಲ್ಲಿ ಹೇಳಿ" ಎಂದು ಕೇಳಿದ್ದರೆ ಆ ಹುಡುಗ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಆಗಷ್ಟೇ ಮೈಕಿನಲ್ಲಿ ಇಂಗ್ಲಿಷ್ ಮಾತಾಡಿದ ಮನುಷ್ಯ, ಕೇಳುವುದು ಹೇಗೆ? ಪೂರ್ತಿ ಓದಿದವನ ಹಾಗೆ ತಲೆಯಾಡಿಸಿ, "ವೆರಿ ವೆಲ್" ಎಂದು, ಬಾಲ ಎಳೆದು ದೊಡ್ಡದಾಗಿ ಸಹಿ ಹಾಕಿದೆ. ಒಂದು ಪ್ರತಿ ನನಗೂ ಕೊಟ್ಟರು. ಮಡಚಿ ಕಿಸೆಗೆ ಹಾಕಿದೆ. ಶೆಡ್ಡಿನ ಹತ್ತಿರ ನಿನಗೆ "ನಿನ್ನ ಕಾಗದಪತ್ರ ಎಲ್ಲ ಸರಿ ಮಾಡಿದೆ" ಎಂದೂ ಹೇಳಿದ್ದೆ, ನೆನಪುಂಟಾ? ಅದು ಇದೇ ಕಾಗದ.

ಈ ತಡ್ಪೆಯ ಎದುರು ಇದನ್ನು ಬರೆಯುವುದು ಕಷ್ಟವೇ. ಬ್ರಾಂಚಿನಲ್ಲಿ ಮೂವತ್ತನಾಲ್ಕು ವರ್ಷ ನಾನು ಮಾಡಿದ ಕೆಲಸವೂ ಇದೇ ಅಲ್ಲವಾ? ಶನಿವಾರ ಸಂಜೆ ಹೆಂಗಸರು ಬೀಡಿಯ ಕಟ್ಟು ಒಪ್ಪಿಸಲಿಕ್ಕೆ ಸಾಲು ನಿಲ್ಲುವರು. ಕಂಪೆನಿಯಿಂದ ಯಾವುದಾದರೂ ಇಂಗ್ಲಿಷ್ ಫಾರ್ಮು ಬಂದರೆ ನಾನು ಜಾಗ ತೋರಿಸಿ "ಇಲ್ಲಿ ಹಾಕಿ" ಎನ್ನುವುದು, ಅವರು ಹಾಕುವುದು. ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ನನಗೇ ಅರ್ಧ ಅರ್ಥವಾಗುತ್ತಿರಲಿಲ್ಲವೆಂದು ಅವರಿಗೆ ಗೊತ್ತಾಗಬಾರದಲ್ಲ. ಕೇಳಿದವಳು ಒಬ್ಬಳೇ. ನನ್ನ ಕೈಯಲ್ಲಿ ಎರಡು ಕಟ್ಟು ರಿಜೆಕ್ಟಾಗಿ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದ ಹುಡುಗಿ. "ಓದಿ ಹೇಳಿ ರೈಟರೇ, ಮತ್ತೆ ಹಾಕ್ತೇನೆ" ಎಂದಳು. ಹಿಂದಿನವರೆಲ್ಲ "ಹಾಕು ಮಾರಾಯ್ತಿ, ಬಸ್ ಹೋಗ್ತದೆ" ಎಂದರೂ ಕದಲಲಿಲ್ಲ. ಆ ದಿನ ಬೆವರು ಒರೆಸಿಕೊಂಡು ಪೂರ್ತಿ ಓದಿ ಗೊತ್ತಾದಷ್ಟು ಹೇಳಿದೆ. ಮುಂದಿನ ವರ್ಷ ಅವಳನ್ನೇ ಮದುವೆಯಾದೆ. ಆಮೇಲೆ ಎಷ್ಟೋ ಸಲ ಅವಳು, "ನನಗೆ ಓದಿ ಹೇಳಿದಿರಿ, ಉಳಿದವರಿಗೆ ಯಾಕೆ ಹೇಳುವುದಿಲ್ಲ?" ಎಂದು ಕೇಳುತ್ತಿದ್ದಳು. ನಾನು ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ಅಂಗಳಕ್ಕೆ ಇಳಿಯುತ್ತಿದ್ದೆ.

ಕಳೆದ ಶುಕ್ರವಾರ ಟೀಚರ್ ಮನೆಯಿಂದ ಯಾವುದಾದರೂ ಇಂಗ್ಲಿಷ್ ಕಾಗದ ತರಲಿಕ್ಕೆ ಹೇಳಿದ್ದರು, ಕ್ಲಾಸಿನಲ್ಲಿ ಓದಿ ಬಿಡಿಸುವ ಎಂದು. ನರ್ಸ್ ಹುಡುಗಿ ಔಷಧಿಯ ಚೀಟಿ ತಂದಳು. ನಾನು ಜಂಬದಿಂದ ನಿನ್ನ ಕಾಲೇಜಿನ ಕಾಗದ ತೆಗೆದುಕೊಂಡು ಹೋದೆ. ಟೀಚರ್ ಓದುತ್ತಾ ಓದುತ್ತಾ ಸ್ವರ ಇಳಿಸಿದರು. ಕೊನೆಗೆ ಕನ್ನಡದಲ್ಲಿ ಮೆಲ್ಲಗೆ ಹೇಳಿದರು. ನಿಝಾಮುದ್ದೀನ್ ನನ್ನ ಕಡೆ ತಿರುಗಿ, "ಇದಕ್ಕೆ ನೀವು ಸೈನ್ ಹಾಕಿದ್ದಾ ಶೀನಪ್ಪಣ್ಣ? ಓದಲಿಲ್ಲವಾ?" ಎಂದ. ನಾನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಎದ್ದೆ. ಮೆಟ್ಟಿಲಿಳಿಯುವಾಗ ಅವನೇ ನನ್ನ ಕೈ ಹಿಡಿದುಕೊಂಡ. ಸರ್ಕಲಿನಲ್ಲಿ ಚಾ ತೆಗೆಸಿಕೊಟ್ಟು, "ಹಾಕಿದ್ದು ಹಾಕಿ ಆಯ್ತು, ಈಗ ಎಂಥ ಮಾಡುವ ಹೇಳಿ" ಎಂದು ಕೂತ. ಅವನ ಟ್ರಿಪ್ಪಿಗೆ ಹೊತ್ತಾಗಿ ಕಮಲಾಕ್ಷ ಹಾರ್ನ್ ಹಾಕುತ್ತಲೇ ಇದ್ದ.

ಸಂದೇಶನಿಗೆ ಶನಿವಾರ ಹೇಳಿದೆ. ಬಿ.ಸಿ.ರೋಡಿನ ಅಂಗಡಿಯಿಂದ ಆಗಷ್ಟೇ ಬಂದಿದ್ದ. ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ಒಳ್ಳೆಯದೇ ಆಯಿತಪ್ಪ. ಅವಳಿಗೂ ಕಷ್ಟ, ನಿಮಗೂ ಕಷ್ಟ. ಬಂಟ್ವಾಳದಲ್ಲಿ ಆರ್ಟ್ಸಿಗೆ ಹಾಕುವ, ನನ್ನ ಒಟ್ಟಿಗೆ ಬೈಕಿನಲ್ಲಿ ಹೋಗಿ ಬರ್ತಾಳೆ" ಎಂದ. ಅವನದ್ದು ಪ್ರೀತಿಯೇ. ಆರ್ಟ್ಸೂ ಕೆಟ್ಟದ್ದಲ್ಲ. ಆದರೆ ನೀನು ಕೇಳಿದ್ದು ಅದಲ್ಲವಲ್ಲ! ನೀನು ಏಳನೇ ಕ್ಲಾಸಿನಲ್ಲಿದ್ದಾಗ ನೆರೆಯ ಮುಂಡಪ್ಪನ ದನಕ್ಕೆ ಕರು ಅಡ್ಡ ನಿಂತು, ದನದ ಡಾಕ್ಟ್ರಮ್ಮ ಸ್ಕೂಟರಿನಲ್ಲಿ ಬಂದು ಭುಜದವರೆಗೆ ಕೈಹಾಕಿ ತಿರುಗಿಸಿದ್ದು ನೆನಪುಂಟಾ? ನಾವೆಲ್ಲ ನೋಡಲಾಗದೆ ಹೊರಗೆ ಬಂದೆವು. ನೀನು ಬಿಸಿನೀರಿನ ಬಾಲ್ದಿ ಹಿಡಿದು ಕೊನೆಯವರೆಗೂ ಅಲ್ಲೇ ನಿಂತಿದ್ದೆ. ಕರು ನೆಲಕ್ಕೆ ಬಿದ್ದು ಸೀನಿದಾಗ ನಿನ್ನ ಅಜ್ಜಿಯ ಹತ್ತಿರ ಓಡಿ ಬಂದು "ನನಗೂ ಇದನ್ನೇ ಕಲೀಬೇಕು" ಎಂದೆ. ಆ ದಿನ ನೀನು ಯಾವ ಮೀಡಿಯಂ ಎಂದು ದನ ಕೇಳಲಿಲ್ಲ. ಇಪ್ಪತ್ತು ಗೆರೆಯ ಒಂದು ಕಾಗದ ಈಗ ಅದನ್ನು ಕೇಳುತ್ತದಾ? ಕೇಳಲಿ. ಉತ್ತರ ನಾವು ಕೊಡುವ.

ಗುರುವಾರ ನಾನು ಬರುತ್ತೇನೆ. ಸಭೆ ಇಲ್ಲದಿದ್ದರೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ. ನಿಮ್ಮ ಪ್ರಿನ್ಸಿಪಾಲರ ಎದುರು ನಿಂತು, ಓದದೆ ಹಾಕಿದ ಸಹಿ ಇದು, ವಾಪಸು ಕೊಡಿ ಎಂದು ಕೇಳುತ್ತೇನೆ. ಕೊಡದಿದ್ದರೆ ಕೊಡುವವರೆಗೆ ಆ ಬೆಂಚಿನಲ್ಲಿ ಕೂರುತ್ತೇನೆ, ನನಗೆ ಬೇರೆ ಎಂಥ ಕೆಲಸ ಉಂಟು? ನಗುವವರು ನಗಲಿ. ನಿನಗೆ ನಿಜವಾಗಿ ಅಲ್ಲಿ ಬೇಡವೆಂದರೆ, ಅದನ್ನು ಅಳುತ್ತಾ ಅಲ್ಲ, ದಸರಾ ರಜೆಯಲ್ಲಿ ಈ ಜಗಲಿಯಲ್ಲಿ ಕೂತು ನನ್ನ ಮುಖ ನೋಡಿ ಹೇಳು, ನಾನೇ ಬಂದು ನಿನ್ನ ಟ್ರಂಕು ಹೊರುತ್ತೇನೆ. ನೀನು ಮನೆಗೆ ಬರುವುದಾದರೆ ನಿನ್ನ ಕಾಲಿನಲ್ಲಿ ಬಾ, ನನ್ನ ಸಹಿಯ ಮೇಲೆ ಬರಬೇಡ. ಅಲ್ಲಿಯವರೆಗೆ ದಿನಕ್ಕೆ ಹತ್ತು ವಾಕ್ಯ ಬರೆ. ನಾನೂ ಹತ್ತು ಬರೆಯುತ್ತೇನೆ. ರಜೆಯಲ್ಲಿ ಅದಲುಬದಲು ಮಾಡಿ ನೋಡುವ. ನನ್ನದರಲ್ಲಿ ತಪ್ಪು ಜಾಸ್ತಿ ಇದ್ದರೆ ನಿನಗೆ ಬಿಸಿ ಗೋಳಿಬಜೆ ತಿನ್ನಲಿಕ್ಕೆ.

ಇನ್ನೂ ಬರೆಯಲಿಕ್ಕಿತ್ತು. ಟೀಚರ್ ಹೇಳಿದ ಒಂದು ಸುಲಭದ ದಾರಿ... ಅರೆ, ಬೆಳಕು ಹೋಗುತ್ತಾ ಉಂಟು. ಎದುರುಮನೆಯ ಕ್ಯಾಲೆಂಡರೇ ಕಾಣುವುದಿಲ್ಲ. ಈ ಗೆರೆ ತಡ್ಪೆಯ ಆಚೆ ಹೋಯಿತೋ ಏನೋ. ಆರೂವರೆಯ ಬಸ್ಸಿಗೆ ಇದನ್ನು ನಿಝಾಮುದ್ದೀನನ ಕೈಗೆ ಕೊಡಬೇಕು.

ಮಾವ, ಮಾಮಿ ನಿನ್ನನ್ನು ಕೇಳಿದರೆಂದು ತಿಳಿ. ತಲೆ ಒಣಗಿಸಿ ಮಲಗು. ನಿನ್ನ ಅಜ್ಜಿ ಇದ್ದಿದ್ದರೆ ನಿನ್ನ ನೆತ್ತಿಗೆ ಎಣ್ಣೆ ಇಟ್ಟು ಹೇಳುತ್ತಿದ್ದ ಒಳ್ಳೆಯ ಮಾತೆಲ್ಲ ನಿನಗಿರಲಿ.

ಇತಿ,
ನಿನ್ನ ಅಜ್ಜ
ಶೀನಪ್ಪ

ತಾ.ಕ.: ಇದರೊಳಗೆ ಇನ್ನೊಂದು ಹಾಳೆ ಉಂಟು, ನೋಡು. ಪ್ರಿನ್ಸಿಪಾಲರಿಗೆ ಕೊಡಲಿಕ್ಕೆ ನಾನೇ ಇಂಗ್ಲಿಷಿನಲ್ಲಿ ಬರೆದದ್ದು. ಟೀಚರಿಗೆ ತೋರಿಸಲಿಲ್ಲ, ಬೇಕೆಂದೇ ತೋರಿಸಲಿಲ್ಲ. ನೀನು ಕೆಂಪು ಪೆನ್ನಿನಲ್ಲಿ ತಿದ್ದಿ ಬುಧವಾರ ಬೆಳಿಗ್ಗೆ ಗೇಟಿನ ವಾಚ್‌ಮ್ಯಾನನ ಹತ್ತಿರ ಇಡು, ನಿಝಾಮುದ್ದೀನ್ ತೆಗೆದುಕೊಳ್ಳುತ್ತಾನೆ. ನನಗೆ ಬರುವುದಿಲ್ಲ ಎನ್ನಬೇಡ. ನೀನು ತಿದ್ದದಿದ್ದರೆ ತಪ್ಪು ಇದ್ದ ಹಾಗೆಯೇ ಕೊಡುವವನು ನಾನು, ನನ್ನ ಗುಣ ಗೊತ್ತುಂಟಲ್ಲ. ಗುರುವಾರ ಹತ್ತು ಗಂಟೆಗೆ ಆಫೀಸಿನ ಬಾಗಿಲಲ್ಲಿ ನಿಂತಿರು, ನಾಚಿಕೆಯಾದರೆ ಕಂಬದ ಹಿಂದೆ ನಿಲ್ಲು. ಆದರೆ ಅವರು ಹೊಸ ಕಾಗದ ಯಾವುದೇ ಕೊಟ್ಟರೂ ನೀನು ಈಚೆ ಬಂದು ನನ್ನ ಪಕ್ಕದಲ್ಲಿ ನಿಂತು ಅದನ್ನು ದೊಡ್ಡ ಸ್ವರದಲ್ಲಿ ಓದಬೇಕು, ಓದಿ ನನಗೆ ತುಳುವಿನಲ್ಲಿ ಅರ್ಥ ಹೇಳಬೇಕು, ಯಾರು ಕೇಳಿಸಿಕೊಂಡರೂ ಸರಿ. ನೀನು ಹೇಳಿ ಮುಗಿಸುವವರೆಗೆ ನಾನು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಕಮಲಾಕ್ಷ ಹಾರ್ನ್ ಹಾಕಿದ.